ಅಣ್ಣ ಹಾಕಿದ ಗಂಟು

ಶಿವನಂಜಮ್ಮ,

ರಾತ್ರಿ ನೀನು ಕೇಳಿದ ಟಕ್ ಸದ್ದು ಇಲಿಯದಲ್ಲ. ನಿಮ್ಮಣ್ಣ ಮಗ್ಗದಲ್ಲಿ ಕೂತು, ಹರಿದ ರೇಷ್ಮೆ ಎಳೆಗೆ ಗಂಟು ಹಾಕಿ, ತುದಿಯನ್ನು ಕತ್ತರಿಯಿಂದ ಕತ್ತರಿಸುತ್ತಿದ್ದರು. ಗಾಡಿಯಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಇದೇ ಮೊದಲು.

ನಾನು ಶಾಲೆಯಿಂದ ಬರುವವರೆಗೆ ಅಲ್ಲೇ ಕೂರಲಿ. ಕತ್ತರಿ ಎತ್ತಿಡು. ಗಂಜಿ ಆರಿಸಿ ಕೊಡು. ‘ನಾನ್ಯಾರು ಹೇಳು’ ಎಂದು ಯಾರೂ ಅವರನ್ನು ಪರೀಕ್ಷೆ ಮಾಡಬೇಡಿ.

ಗಂಟು ನೋಡು, ಮೊದಲಿನದೇ ಕೈ. ಆಸೆಯಿಂದ ಪಕ್ಕದಲ್ಲಿ ಕೂತೆ. ತಿರುಗಿ ನೋಡಿ, “ಒತ್ತಾಯ್ತು, ಓಗವ್ವ ಮನೆಗೆ. ನಿಮ್ಮೆಜಮಾನ್ರು ಕಾಯ್ತಾ ಇರ್ತಾರೆ” ಅಂದರು. ಜಗಲಿಯಲ್ಲಿ ಕೂತಿದ್ದು, ಅವರು ಮಲಗಿದ ಮೇಲೆ ಒಳಗೆ ಬಂದೆ.

ಮಗ ಹೆಂಡತಿಯನ್ನಾದರೂ ಗುರುತಿಸುತ್ತಾನೆ ಎಂಬುದೊಂದೇ ಅತ್ತೆಯವರಿಗೆ ಸಮಾಧಾನ. ಅವರಿಗೆ ಗಂಟು ತೋರಿಸು, ಸಂತೋಷಪಡಲಿ. ನನ್ನನ್ನು ಮನೆಗೆ ಹೋಗು ಎಂದ ಆ ಮಾತನ್ನು ಮಾತ್ರ ನಾನು ಇನ್ನು ಯಾರಿಗೂ ಹೇಳುವುದಿಲ್ಲ. ನೀನೂ ಹೇಳಬೇಡ.

ಅತ್ತಿಗೆ