ಅರ್ಧ ಕೇಳಿದ ಊಹೂಂ

ಹೊಳೆಗಟ್ಟಿ, ದೋಣಿಕೇರಿ
ಏಳನೆಯ ನೀರೇರಿಕೆ ಕಳೆದ ನಲವತ್ತೊಂದನೆಯ ವರ್ಷ, ಹದಿಮೂರನೆಯ ತಿಂಗಳು, ಬಹುಳ ಹದಿನೆಂಟು, ಬೆಳಗ್ಗೆ

ಹಿಂದಿನ ಕಾಲದ ಬಂಧುಗಳಿಗೆ ಹಂಪವ್ವನ ಶರಣು.

ಮೇಲಿನ ತಿಥಿಯನ್ನು ನಿಮ್ಮ ಪಂಚಾಂಗದಲ್ಲಿ ಹುಡುಕಿ ಕಣ್ಣು ಕೆಡಿಸಿಕೊಳ್ಳಬೇಡಿ. ಪಕ್ಷಕ್ಕೆ ಹದಿನೈದು ದಿನ ಸಾಲದೆಂದು ನಾವು ಹದಿನೆಂಟು ಮಾಡಿಕೊಂಡಿದ್ದೇವೆ. ಊರೆಲ್ಲ ಒಪ್ಪಿತು, ಚಂದ್ರನೊಬ್ಬ ಒಪ್ಪಲಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕನ್ನಡ ನನಗೆ ಅಜ್ಜಿಯ ಟ್ರಂಕಿನ ಸೀರೆ, ಉಟ್ಟರೆ ಹಳೆಯ ಮಡಿಕೆಗಳು ಕಾಣುತ್ತವೆ. ನಮ್ಮ ಹೊಳೆ ವರ್ಷಕ್ಕೊಂದು ದಿನ ಹಿಂದಕ್ಕೆ ಹರಿಯುತ್ತದೆ. ಇಂದು ಆ ದಿನವಾದ್ದರಿಂದ ಈ ಓಲೆಯನ್ನು ಮಡಕೆಯಲ್ಲಿಟ್ಟು ನೀರಿಗೆ ಬಿಡುತ್ತಿದ್ದೇನೆ.

ಗೋಡೆಗೂ ಕಿವಿ ಇದೆ ಎನ್ನುವುದು ನಿಮ್ಮಲ್ಲಿ ಗಾದೆಯಂತೆ. ನಮ್ಮಲ್ಲಿ ಅದು ಗಾರೆ ಕೆಲಸ. ಪ್ರತಿ ಮನೆಯ ಒಳಕೋಣೆಯ ಗೋಡೆಯಲ್ಲಿ ಅಂಗೈಯಗಲದ ಒಂದು ಕಿವಿಗಲ್ಲು ಕೂತಿದೆ. ನೀರೇರಿಕೆಯಲ್ಲಿ ದೊರೆಗಳು, ದೊಡ್ಡ ಗೌಡರು ಎಲ್ಲ ಕೊಚ್ಚಿಹೋದ ಮೇಲೆ ನಮ್ಮ ಹಿರಿಯರು ಇನ್ನು ಮುಂದೆ ಅಧಿಕಾರ ಒಬ್ಬರ ಕೈಗೆ ಹೋಗಬಾರದೆಂದು ಇದನ್ನು ಕಟ್ಟಿದರು. ಕೊಂಬು ಊದಿದಾಗ ಊರಿನ ಮುಂದಿರುವ ವಿಷಯವನ್ನು ಕಲ್ಲು ಓದಿ ಹೇಳುತ್ತದೆ, ಹೇಳಿ ಮತ್ತೆ ನಿದ್ದೆ ಹೋಗುತ್ತದೆ. ಎರಡನೆಯ ಕೊಂಬಿಗೆ ಪ್ರತಿಯೊಬ್ಬರೂ ಒಬ್ಬೊಬ್ಬರಾಗಿ ಒಳಗೆ ಹೋಗಿ, ಬಾಗಿಲು ಹಾಕಿ, ಗೋಡೆಗೆ ಹಣೆ ಹಚ್ಚಿ, ಕಣ್ಣು ಮುಚ್ಚಿ ಹೂಂ ಎನ್ನಬೇಕು, ಇಲ್ಲವೇ ಊಹೂಂ ಎನ್ನಬೇಕು. ಗಂಡನ ಕಣ್ಣಿಗೆ ಹೆದರಿ ಹೆಂಡತಿ, ಧಣಿಯ ಕಣ್ಣಿಗೆ ಹೆದರಿ ಆಳು ಮಾತು ಬದಲಿಸಬಾರದೆಂದೇ ಬಾಗಿಲು ಹಾಕುವ ಕಟ್ಟಳೆ ಬಂತು. ಏನೂ ಅನ್ನದಿದ್ದರೆ ಮೌನಂ ಸಮ್ಮತಿ ಲಕ್ಷಣಂ. ಒಳಗೆ ಏನೆಂದೆವೆಂದು ಹೊರಗೆ ಹೇಳುವುದು ಮಹಾಪಾಪ. ಪ್ರತಿ ಮನೆಗೂ ತಲೆಮಾರಿಗೊಮ್ಮೆ ಊರಿನ ಮುಂದೆ ಒಂದು ವಿಷಯ ಇಡುವ ಹಕ್ಕಿದೆ. ಇಟ್ಟವರ ಹೆಸರು ಯಾರಿಗೂ ತಿಳಿಯುವುದಿಲ್ಲ. ಕೇಳಲು ಇದು ಎಷ್ಟು ಚೆನ್ನಾಗಿದೆ, ನೋಡಿ.

ನನಗೆ ತಿಳಿವು ಬಂದಾಗಿನಿಂದ ಯಾವ ವಿಷಯಕ್ಕೂ ಊರು ಒಡೆದದ್ದಿಲ್ಲ. ಪ್ರತಿ ಸಲವೂ ಎಲ್ಲರೂ ಹೂಂ. ಏಳು ಕೇರಿಗಳ ಏಳು ಸಂತೆಗಳು ಒಂದಾದವು. ನೇಕಾರರ ಕೇರಿಯಲ್ಲಿ ಬಣ್ಣದ ಬಾನಿಗಳನ್ನು ಕವುಚಿ ಹಾಕಿ, ಎಲ್ಲರೂ ಬೂದು ಬಟ್ಟೆ ಉಡಬೇಕೆಂದಾಯಿತು. ಮನೆಮಾತನ್ನು ಬೀದಿಯಲ್ಲಿ ಆಡಬಾರದೆಂದಾಯಿತು. ಎಲ್ಲ ಒಲೆಗಳೂ ಒಂದೇ ಹೊತ್ತಿಗೆ ಹೊತ್ತಿ ಒಂದೇ ಹೊತ್ತಿಗೆ ಆರಬೇಕೆಂದಾಯಿತು. ಸಂಜೆ ಬೀದಿಗೆ ಬಂದರೆ ಬೂದು ಬಟ್ಟೆಯ ಜನ ಒಬ್ಬರಿಗೊಬ್ಬರು ನಗುತ್ತ ಹೋಗುತ್ತಾರೆ, ಯಾರೂ ನಿಂತು ಮಾತನಾಡುವುದಿಲ್ಲ. ನಾನು ಪ್ರತಿಯೊಂದಕ್ಕೂ ಊಹೂಂ ಎಂದಿದ್ದೆ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂಬಂತೆ ನಾನೊಬ್ಬಳೇ ಕೆಟ್ಟವಳೆಂದು ನಾಚಿಕೆಪಟ್ಟು ಬಾಯಿ ಮುಚ್ಚಿಕೊಂಡು ಬದುಕಿದೆ. ನನ್ನದೊಂದು ಊಹೂಂ ಇದ್ದೂ ಎಲ್ಲರೂ ಹೂಂ ಎಂದು ಹೇಗೆ ಸಾರುತ್ತಾರೆಂದು ಒಮ್ಮೆಯೂ ಯೋಚಿಸಲಿಲ್ಲ. ಒಂಟಿ ಕಾಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೇನೋ ಅಂದುಕೊಂಡಿದ್ದೆ.

ಕಳೆದ ತಿಂಗಳು ನಮ್ಮ ಕೇರಿಯ ಬಗ್ಗೆಯೇ ಕಲ್ಲು ಒಂದು ವಿಷಯ ಓದಿತು: ದೋಣಿಕೇರಿ ಖಾಲಿಯಾಗಲಿ, ಅಲ್ಲಿಯ ಜನ ಗುಡ್ಡದಾಚೆ ಹೋಗಲಿ. ಗುಡ್ಡದಾಚೆ ನೀರಿಲ್ಲ, ಹೋದವರು ತಿರುಗಿ ಬಂದದ್ದೂ ಇಲ್ಲ. ಪಕ್ಕದ ಮನೆಯ ಹುಸೇನಬಿ ಆಗತಾನೇ ಹೊಳೆಯ ಪಾವಟಿಗೆಯಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು. ನಮ್ಮಿಬ್ಬರ ಮನೆಗೆ ನಡುಗೋಡೆ ಒಂದೇ, ಅವಳ ಒಗ್ಗರಣೆಗೆ ನಾನು ಸೀನುತ್ತೇನೆ. ನಿಲ್ಲಲಾರದವಳನ್ನು ಹಿಡಿದುಕೊಳ್ಳಲು ಕಟ್ಟಳೆ ಮುರಿದು ನಾನೂ ಒಳಗೆ ಹೋದೆ. ಅವಳು ಕಣ್ಣು ಮುಚ್ಚಿದಳು. ಅವಳು ಬಿದ್ದಾಳೆಂದು ನಾನು ಕಣ್ಣು ತೆರೆದೇ ಇದ್ದೆ.

ಅವಳು ಊಹೂಂ ಎಂದಳು. ಮೊದಲ ಸದ್ದಿಗೆ ಕಲ್ಲು ಎಚ್ಚರಾಗಿ ಬೆಳಗುತ್ತದೆ, ಬೆಳಗಿದ ಮೇಲೆ ಬಂದದ್ದನ್ನು ಕೇಳುತ್ತದೆ. ನಾನು ಕಂಡದ್ದು ಇಷ್ಟೇ: ‘ಊ’ ಮುಗಿದಾಗ ಕಲ್ಲಿಗೆ ಬೆಳಕು ಬಂತು. ಕಲ್ಲಿನ ಕಿವಿಗೆ ಬಿದ್ದದ್ದು ‘ಹೂಂ’.

ಬೆಳಕು ಆರಿ ಕಲ್ಲು ಮತ್ತೆ ನಿದ್ದೆ ಹೋದ ಮೇಲೆ ನಾನೂ ಅದರ ಮುಂದೆ ಊಹೂಂ ಎಂದೆ. ಮತ್ತೆ ಹಾಗೆಯೇ ಆಯಿತು. ಹೊರಗೆ ಕೊಂಬು ಊದಿ, ಊರೆಲ್ಲ ಹೂಂ ಎಂದಿದೆಯೆಂದು ಸಾರಿದರು. ಹುಸೇನಬಿ ನನ್ನ ಮುಖವನ್ನೇ ನೋಡಿದಳು.

“ಯಕ್ಕಾ, ನೀನೂ ಒಲ್ಲೆ ಅಂದಿ?”

“ಹುಟ್ಟಿದಾಗಿಂದ ಅದನ್ನೇ ಅನ್ನಾಕತ್ತೀನಿ.”

“ನಾನೂ ಅದನ್ನೇ ಅಂದೀನಲ್ಲಬೇ,” ಎಂದು ಅವಳು ನಗತೊಡಗಿದಳು. ನಗುನಗುತ್ತಲೇ ಅವಳ ಮುಖ ಬಿಳಿಚಿತು. ನಮ್ಮಂತೆ ಇನ್ನೆಷ್ಟು ಮನೆಗಳಲ್ಲಿ ಎಷ್ಟು ಜನ ಹಣೆ ಹಚ್ಚಿ ಊಹೂಂ ಎಂದಿದ್ದಾರೋ! ಆ ಬೂದು ಬಟ್ಟೆ ಯಾರಿಗೂ ಬೇಡವಾಗಿತ್ತೋ ಏನೋ. ನಮ್ಮನ್ನು ಆಳುತ್ತಿದ್ದವರು ಯಾರೂ ಇರಲಿಲ್ಲ.

ಕೊಂಬಿನ ಮುದುಕಪ್ಪನಿಗೆ ಹೋಗಿ ಹೇಳಿದೆ. ಅವನು ಎರಡೂ ಕಿವಿ ಮುಚ್ಚಿಕೊಂಡ. “ಯವ್ವಾ, ಒಳಗಿನ ಮಾತು ಹೊರಗ ತರಬ್ಯಾಡ. ನಾ ಊದಾಂವ, ಕೇಳಾಂವಲ್ಲ.” ಬಾಗಿಲು ಹಾಕಿದವನು ಮತ್ತೆ ಅರ್ಧ ತೆರೆದು, ನನ್ನ ಮುಖ ನೋಡಿ ಮುಚ್ಚಿದ. ಅವನದೂ ಊಹೂಂ ಇದ್ದೀತು ಎಂದು ನನಗೆ ಆಮೇಲೆ ಹೊಳೆಯಿತು.

ಉಳಿದದ್ದು ನನ್ನ ಮನೆಯ ಹಕ್ಕು. ‘ದೋಣಿಕೇರಿ ಇದ್ದಲ್ಲೇ ಇರಲಿ’ ಎಂದು ವಿಷಯ ಇಟ್ಟೆ. ಊರೆಲ್ಲ ಹೂಂ ಎಂದಿತು. ಕಟ್ಟಿದ ಗಂಟುಮೂಟೆ ಬಿಚ್ಚಿ ಕೇರಿಯವರು ಅತ್ತರು, ನಾನೂ ಅತ್ತೆ. ಹುಸೇನಬಿ ಮಾತ್ರ ಅಳಲಿಲ್ಲ. ಮದುವೆಯಾದ ವರ್ಷ ಅವಳ ಮನೆಯ ಹಕ್ಕಿನಲ್ಲಿ ಅವಳು ಹಳ್ಳಕ್ಕೊಂದು ಕಾಲುಸೇತುವೆ ಕೇಳಿದ್ದಳು. ಊರೆಲ್ಲ ತನ್ನ ಮಾತಿಗೆ ಹೂಂ ಎಂದಿತೆಂದು ಆಯುಷ್ಯವಿಡೀ ಹಿಗ್ಗಿದವಳು, ಈಗ ಆ ಸೇತುವೆಯ ಮೇಲೆ ಕಾಲಿಡುವುದಿಲ್ಲ.

“ಕಲ್ಲು ಕೀಳ್ರಿ ಅಂತ ಕೇಳಬೇಕಿತ್ತಕ್ಕ,” ಎಂದಳು. “ನಿನಗ ನಿನ್ನ ಒಲಿ ನೆನಪಾತು. ನೀ ಏನು ಕೇಳಿದ್ರೂ ಸಿಗತಿತ್ತು ಅನ್ನೋದು ಗೊತ್ತಿದ್ದು, ಹಕ್ಕು ಉಳಿದಿದ್ದಾಕಿ ನೀ ಒಬ್ಬಾಕಿನ. ಇನ್ನೊಬ್ಬರಿಗೆ ಗೊತ್ತಾದ್ರ?”

ಆ ಮಾತಿಗೆ ನನಗೆ ಸಿಟ್ಟು ಬಂತು. ಸಿಟ್ಟು ಇಳಿಯುವ ಮೊದಲೇ ಇವತ್ತು ಮುಂಜಾನೆ ಕಲ್ಲು ಹೊಸ ವಿಷಯ ಓದಿತು: ಇನ್ನು ಮೇಲೆ ಊರಿನ ಮುಂದೆ ವಿಷಯ ಇಡುವ ಹಕ್ಕು ಒಂದೇ ಮನೆಗೆ ಇರಲಿ. ಯಾವ ಮನೆ ಎಂದು ಹೇಳಲಿಲ್ಲ. ಯಾರಿಗೋ ಗೊತ್ತಾಗಿದೆ. ಆ ಯಾರೋ ಸಂಜೆ ಬೀದಿಯಲ್ಲಿ ನನ್ನನ್ನು ನೋಡಿ ನಕ್ಕವರೇ ಇರಬೇಕು.

ಬಂಧುಗಳೇ, ನೀವು ಸಂತೆಯಲ್ಲಿ, ಕಟ್ಟೆಯ ಮೇಲೆ, ಒಂದೊಂದು ಕೇರಿಗೆ ಒಂದೊಂದು ಮಾತಿನಲ್ಲಿ ಗಂಟಲು ಹರಿಯುವಂತೆ ಜಗಳಾಡುತ್ತೀರಂತೆ. ಬೇಸತ್ತು ಒಂದೇ ದನಿ ಸಾಕಪ್ಪ ಎನ್ನಿಸಿದಾಗ ನಮ್ಮನ್ನು ನೆನೆಯಿರಿ. ಬೇಡ ಎನ್ನುವುದನ್ನು ಗೋಡೆಗೆ ಹೇಳಿ ಸುಮ್ಮನಾಗಬೇಡಿ, ನೆರೆಯವರಿಗೆ ಕೇಳುವಂತೆ ಹೇಳಿ. ಅವರ ಬೇಡವನ್ನೂ ಕೊನೆಯವರೆಗೆ ಕೇಳಿ.

ಎರಡನೆಯ ಕೊಂಬು ಮೊಳಗಿತು. ಬೀದಿಯುದ್ದಕ್ಕೂ ಬಾಗಿಲುಗಳು ಮುಚ್ಚಿಕೊಳ್ಳುತ್ತಿವೆ. ಹುಸೇನಬಿ ಊರುಗೋಲು ಹಿಡಿದು ಹೊಸ್ತಿಲಲ್ಲಿ ನಿಂತು, ಬೀದಿಯಲ್ಲಿ ಆಡಬಾರದ ಅವಳ ಮನೆಮಾತಿನಲ್ಲಿ, ತಡವಾಯಿತೆಂದು ನನ್ನನ್ನು ಬೈಯುತ್ತಿದ್ದಾಳೆ. ಕಲ್ಲಿನ ಮುಂದೆ ನಾವಿಬ್ಬರೂ ಇಂದು ನಿಲ್ಲುವುದಿಲ್ಲ. ಜನ ಗೋಡೆಗೆ ಹಣೆ ಹಚ್ಚಿರುವಾಗಲೇ ಒಂದೊಂದೇ ಬಾಗಿಲು ತಟ್ಟಿ ಊಹೂಂ ಎಂದು ಕೂಗುತ್ತೇವೆ. ಮೊದಲು ಮುದುಕಪ್ಪನ ಬಾಗಿಲು. ಒಳಗಿನಿಂದ ಏನು ಕೇಳಿಸುತ್ತದೋ ನಿಮಗೆ ಬರೆಯಲು ನನಗೆ ಹೊತ್ತಿರುವುದಿಲ್ಲ, ಹೊಳೆ ಆಗಲೇ ತಿರುಗುತ್ತಿದೆ.

ನಿಮ್ಮ ಬಾಗಿಲನ್ನು ಯಾರಾದರೂ ತಟ್ಟಿದರೆ, ಹೂಂ ಅರ್ಧ ಬಾಯಲ್ಲಿದ್ದರೂ ನಿಲ್ಲಿಸಿ, ಎದ್ದು ಬಂದು ತೆರೆಯಿರಿ.

ಹಂಪವ್ವ