ಅಂತರಾ ಇಲ್ಲದ ಹಾಡು

ಒಳಧಾರವಾಡ, ಇಸವಿ ಎರಡು ಸಾವಿರದ ಇನ್ನೂರ ಹದಿನೆಂಟು, ಎರಡನೆಯ ಬೇಸಿಗೆಯ ನಡುಭಾಗ.

ನಿಮ್ಮ ಪಂಚಾಂಗದಲ್ಲಿ ಇಂಥ ತಿಥಿ ಇರಲಿಕ್ಕಿಲ್ಲ. ನಮಗೆ ವರ್ಷಕ್ಕೆ ಎರಡು ಬೇಸಿಗೆ; ನಡುವೆ ಬಂದುಹೋಗುವ ಮಳೆಗೆ ಹೆಸರಿಡುವಷ್ಟು ಪುರುಸೊತ್ತೂ ಸಿಗುವುದಿಲ್ಲ. ನನ್ನ ಮಾತು ಅಲ್ಲಲ್ಲಿ ನಿಮಗೆ ತೊಡಕಾದರೆ ಮನ್ನಿಸಬೇಕು. ಕೈಯಿಂದ ಬರೆಯುವ ಅಭ್ಯಾಸ ನಮ್ಮಲ್ಲಿ ಹೋಗಿ ಬಹಳ ಕಾಲವಾಯಿತು. ಈ ಪತ್ರ ನಿಮ್ಮ ಕಾಲಕ್ಕೆ ಹೇಗೆ ತಲುಪೀತು ಎಂಬುದು ನನಗೂ ಗೊತ್ತಿಲ್ಲ. ಇಲ್ಲಿ ಹೇಳಿಕೊಳ್ಳಲು ಯಾರೂ ಸಿಗಲಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನನ್ನ ಹೆಸರು ಅಂಬಕ್ಕ ಮುಳಗುಂದ. ನಮ್ಮ ಊರು ಈಗ ನೆಲದ ಕೆಳಗಿದೆ. ಮೇಲಿನ ಬಿಸಿಲು ತಡೆಯಲಾಗದೆ ಅಜ್ಜಂದಿರ ಕಾಲದಲ್ಲಿ ಓಣಿಗೆ ಓಣಿಯೇ ಕೆಳಗಿಳಿಯಿತು. ಮೇಲಿನ ಗಾಳಿಯನ್ನು ಎಳೆದು, ತಣಿಸಿ, ಓಣಿಗಳಿಗೆ ಬಿಡುವ ಜಾಗಕ್ಕೆ ಗಾಳಿಮನೆ ಎನ್ನುತ್ತೇವೆ. ಮದುವೆಗೆ ಮುಂಚಿನಿಂದ ತಲೆ ನೆರೆಯುವವರೆಗೂ ಅಲ್ಲಿಯ ಪಂಖಾಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ಗಂಡ ತೀರಿಕೊಂಡ ಮೇಲೆ ಮಗಳು ತಾರಿಣಿಯ ಜೊತೆ ಇದ್ದೇನೆ. ಒಳ್ಳೆಯ ಹುಡುಗಿ. ನನ್ನ ಹಾಸಿಗೆಯ ಕಡೆಗೆ ತಂಪು ಗಾಳಿ ತಿರುಗಿಸಿಟ್ಟೇ ತಾನು ಮಲಗುತ್ತಾಳೆ.

ನಮ್ಮಲ್ಲಿ ಮಗು ಹುಟ್ಟಿದ ಕೂಡಲೇ ಎರಡೂ ಕಿವಿಯೊಳಗೆ ಎಳ್ಳಿನಷ್ಟು ಸಣ್ಣದೊಂದು ವಸ್ತು ಇಡುತ್ತಾರೆ. ಅದಕ್ಕೆ ಕಿವಿಕಾಳು ಎಂದು ಹೆಸರು. ಅದು ಆಯಾ ಮನುಷ್ಯನ ಮನಸ್ಸು ನೋಡಿ, ಅವನೊಬ್ಬನಿಗೇ ಆಗುವಂಥ ಸಂಗೀತ ಕಟ್ಟಿ ಕೇಳಿಸುತ್ತದೆ. ದುಃಖವಾದರೆ ದುಃಖ ಇಳಿಸುವ ಹಾಡು, ನಿದ್ದೆ ಬಾರದಿದ್ದರೆ ನಿದ್ದೆಯ ಹಾಡು. ಹೊರಗಿನ ಸದ್ದನ್ನೂ ಹಸನು ಮಾಡಿ ಒಳಗೆ ಬಿಡುತ್ತದೆ: ಜಗಳದ ದನಿ ಮೆತ್ತಗಾಗುತ್ತದೆ, ಪಕ್ಕದ ಮನೆಯ ಕೆಮ್ಮು ಕೇಳಿಸುವುದಿಲ್ಲ. ಹೀಗಿರುವಾಗ ಯಾರು ಹಾಡುತ್ತಾರೆ, ಯಾಕೆ ಹಾಡುತ್ತಾರೆ? ಮಕ್ಕಳನ್ನು ತೂಗುವ ತಾಯಂದಿರೂ ಬಿಟ್ಟರು. ನಾನೂ ಮಗಳಿಗೆ ಹಾಡಿದವಳಲ್ಲ.

ಕೆಲಸ ಬಿಟ್ಟ ವರ್ಷ ನನ್ನ ಕಿವಿಗಳು ಕೀವು ತುಂಬಿ ಬಾತುಕೊಂಡವು. ವೈದ್ಯರು ಕಾಳುಗಳನ್ನು ತೆಗೆದರು. ಈ ವಯಸ್ಸಿನಲ್ಲಿ ಮತ್ತೆ ಇಡಲು ಬರುವುದಿಲ್ಲ ಎಂದರು. ಮನೆಗೆ ಬಂದು ಕೂತಾಗ ಮೊದಲು ಕೇಳಿಸಿದ್ದು ಗೋಡೆಯೊಳಗಿನ ಗಾಳಿಯ ಗುಂಯ್ ಎನ್ನುವ ಸದ್ದು. ಆಮೇಲೆ ಆಚೆ ಮನೆಯಲ್ಲಿ ಯಾರೋ ಅಳುವುದು ಕೇಳಿಸಿತು. ಎಷ್ಟು ವರ್ಷದಿಂದ ಅಳುತ್ತಿದ್ದರೋ.

ಒಂದು ಸಂಜೆ ನೀರಿನ ಓಣಿಯಲ್ಲಿ ಹೋಗುತ್ತಿದ್ದೆ. ಒಂದು ಮನೆಯ ಹೊಸ್ತಿಲ ಮೇಲೆ ಮುದುಕಿಯೊಬ್ಬರು ಮೆಂತ್ಯ ಸೊಪ್ಪು ಬಿಡಿಸುತ್ತ ಹಾಡುತ್ತಿದ್ದರು. ಜನ ಅವರ ಮುಂದೆಯೇ ತಮ್ಮ ತಮ್ಮ ಸಂಗೀತ ಕೇಳುತ್ತ ಹಾದುಹೋಗುತ್ತಿದ್ದರು. ನಾನು ನಿಂತುಬಿಟ್ಟೆ. ಅವರು ತಲೆಯೆತ್ತಿ ನನ್ನನ್ನು ನೋಡಿದರು, ಹಾಡು ನಿಂತಿತು.

"ಏನ್ರೀ, ನಿಮಗ ಕೇಳಸ್ತೈತೇನು?"

"ಕೇಳಸ್ತೈತ್ರೀ," ಎಂದೆ.

ಅವರ ಕೈಯ ಸೊಪ್ಪು ನೆಲಕ್ಕೆ ಬಿತ್ತು. ಅದನ್ನು ಆರಿಸಿಕೊಳ್ಳದೆ ಎದ್ದು ನಿಂತರು. "ಹಾಡಿನ್ನೂ ಮುಗಿದಿಲ್ಲ," ಎಂದರು ಆಮೇಲೆ. "ಒಳಗ ಬರ್ರಿ."

ಅವರ ಹೆಸರು ಮೆಹರುನ್ನೀಸಾ. ಅಕ್ಕ ಎನ್ನುವ ಹಾಗೆ ನಾನು ಮೆಹರಾಪಾ ಎಂದು ಕರೆದೆ. ಅವರ ತಾಯಿ ಹಾಡುವವರು. ಮಗಳ ಕಿವಿಗೆ ಕಾಳು ಇಡಗೊಡಲಿಲ್ಲವಂತೆ. ತಾಯಿ ಹೋದ ಮೇಲೆ ಇವರ ಹಾಡು ಕೇಳಿದವಳು ನಾನೇ ಮೊದಲು. ಗೋಡೆಗೆ ಒರಗಿಸಿದ್ದ ತಂಬೂರಿಯ ಗವಸು ತೆಗೆದರು. ಕಲಿಸುತ್ತೀರಾ ಎಂದು ನಾನು ಕೇಳಿದ್ದು ನೆನಪಿಲ್ಲ, ಕಲಿಸುತ್ತೇನೆ ಎಂದು ಅವರು ಹೇಳಿದ್ದೂ ನೆನಪಿಲ್ಲ. ಮರುದಿನ ಹೋದೆ, ಚಾಪೆ ಹಾಸಿತ್ತು.

ಎಷ್ಟೋ ತಿಂಗಳು ಬರೀ ಸಾ. ನನ್ನ ಉಸಿರು ಗಾಳಿಮನೆಯ ಧೂಳು ತಿಂದು ಗಿಡ್ಡವಾಗಿತ್ತು. ಹಿಡಿದ ಸ್ವರ ಸ್ವಲ್ಪ ಹೊತ್ತಿನಲ್ಲೇ ಕೆಳಗೆ ಜಾರುತ್ತಿತ್ತು, ಪ್ರತಿಸಲ ಒಂದೇ ಜಾಗಕ್ಕೆ ಹೋಗಿ ಕೂರುತ್ತಿತ್ತು.

"ಅಂಬಕ್ಕಾರ, ಇದು ಸಾ ಅಲ್ಲ. ನಿಮ್ಮ ಗಾಳಿಮನಿ ಪಂಖಾ," ಎಂದು ಆಪಾ ನಕ್ಕರು. ಹೌದು, ಜೀವಮಾನವಿಡೀ ಪಂಖಾಗಳ ನಡುವೆ ನಿಂತ ಗಂಟಲಿಗೆ ಬೇರೆ ದಾರಿಯೇ ಗೊತ್ತಿರಲಿಲ್ಲ. ಒಂದು ದಿನ ಸೋತು ಕೇಳಿದೆ, "ಈ ವಯಸ್ಸಿನ್ಯಾಗ ನನಗ ಬರ್ತೈತೇನ್ರೀ ಆಪಾ?"

"ಬರೂದಿಲ್ಲ. ಬರೂದಿಲ್ಲಂತ ಗೊತ್ತಿದ್ದೂ ಕುಂದರಾವ್ರು ಬೇಕಾಗ್ಯಾರ ನನಗ. ಸಾ ಹಚ್ರಿ."

ಹಚ್ಚಿದೆ. ಮಳೆ ಬಂದುಹೋಯಿತು, ಮತ್ತೆ ಬೇಸಿಗೆ. ಭೂಪ ರಾಗ ಶುರುವಾಯಿತು. ಒಂದು ದಿನ ಗಾಂಧಾರದಿಂದ ಪಂಚಮಕ್ಕೆ ಹೋಗುವಾಗ ನನ್ನ ದನಿ ತಂಬೂರಿಯ ತಂತಿಯೊಳಗೆ ಕೂಡಿಹೋಯಿತು. ಯಾವುದು ತಂತಿ, ಯಾವುದು ನಾನು ಎಂದು ತಿಳಿಯಲಿಲ್ಲ. ಎದೆಯ ಎಲುಬು ಸಣ್ಣಗೆ ನಡುಗುತ್ತಿತ್ತು. ಆಪಾ ಕಣ್ಣು ಮುಚ್ಚಿಕೊಂಡೇ "ಹಾಂ" ಎಂದರು. ಇಷ್ಟು ವರ್ಷ ಕಿವಿಯಲ್ಲಿ ಹರಿದ ಅಷ್ಟೂ ಸಂಗೀತ ನನ್ನನ್ನು ಸಮಾಧಾನ ಮಾಡಿತ್ತು. ಆ ಒಂದು ಪಂಚಮ ಸಮಾಧಾನ ಮಾಡಲಿಲ್ಲ. ಚಾಪೆಯ ಮೇಲೆ ಕೂತು ಸಣ್ಣ ಮಗುವಿನ ಹಾಗೆ ಅತ್ತೆ. ಆಪಾ ಬೆಲ್ಲದ ಚಹಾ ಮಾಡಿಕೊಟ್ಟರು.

ಆಮೇಲೆ ಅವರು ತಮ್ಮ ತಾಯಿ ಕಟ್ಟಿದ ಹಾಡೊಂದನ್ನು ಹೇಳಿಕೊಡಲು ಶುರು ಮಾಡಿದರು. "ಸಂಜೀ ದೀಪ ಹಚ್ಚೇನಿ, ಒಳಗ ಬಾ" ಎಂದು ಅದರ ಸ್ಥಾಯಿ, ಅಂದರೆ ಮೊದಲ ಭಾಗ. ಸ್ವರ ಕೆಳಗೇ ಇದ್ದು, ಮನೆಯೊಳಗೆ ಓಡಾಡಿದಂತಿರುತ್ತದೆ. ಮೇಲೆ ಏರುವ ಎರಡನೆಯ ಭಾಗ ಅಂತರಾ. ಸ್ಥಾಯಿ ಗಟ್ಟಿಯಾಗಲಿ, ಆಮೇಲೆ ಅಂತರಾ ಎಂದರು. ಆ ಹಾಡು ಎಲ್ಲೂ ಧ್ವನಿಮುದ್ರಣವಾಗಿರಲಿಲ್ಲ. ಹಳೆಯ ಧ್ವನಿಮುದ್ರಣಗಳನ್ನೆಲ್ಲ ಕಿವಿಕಾಳು ಮಾಡುವವರು ತಿದ್ದಿಬಿಟ್ಟಿದ್ದಾರೆ, ಇದ್ದಿದ್ದರೂ ಉಳಿಯುತ್ತಿರಲಿಲ್ಲ.

ಒಂದು ಮುಂಜಾನೆ ಹೋದಾಗ ಆಪಾ ಅಡುಗೆಮನೆಯಲ್ಲಿ ಬಿದ್ದಿದ್ದರು. ಲಕ್ವ ಬಲಗಡೆ ಹೊಡೆದುಹಾಕಿತ್ತು. ಜೀವ ಉಳಿಯಿತು, ಮಾತು ಉಳಿಯಲಿಲ್ಲ. ಗಂಟಲಿನಿಂದ ಗೊರಗೊರ ಸದ್ದು ಬಿಟ್ಟರೆ ಏನೂ ಬರುತ್ತಿರಲಿಲ್ಲ.

ದಿನಾ ಹೋಗಿ ಗಂಜಿ ಕುಡಿಸುತ್ತಿದ್ದೆ, ಮೈ ಒರೆಸುತ್ತಿದ್ದೆ, ಆಮೇಲೆ ತಂಬೂರಿ ತೆಗೆದು ಸ್ಥಾಯಿ ಹಾಡುತ್ತಿದ್ದೆ. ಅದು ಮುಗಿದ ಕೂಡಲೇ ಆಪಾ ಎಡಗೈ ಎತ್ತುತ್ತಿದ್ದರು. ಗಾಳಿಯಲ್ಲಿ ಆ ಕೈ ಮೇಲೇರುತ್ತಿತ್ತು, ಎಲ್ಲೋ ಒಂದು ಕಡೆ ತಿರುಗಿ, ತಡೆದು ನಿಂತು, ನಿಧಾನವಾಗಿ ಇಳಿಯುತ್ತಿತ್ತು. ಅದು ಅಂತರಾ. ಎಲ್ಲ ಅಲ್ಲೇ ಇತ್ತು, ನನ್ನ ಕಣ್ಣೆದುರಿಗೇ. ನಾನು ಊಹಿಸಿ ಹಾಡುತ್ತಿದ್ದೆ. ಅವರು ತಲೆ ಅಲ್ಲಾಡಿಸುತ್ತಿದ್ದರು. ಬೇರೆ ಥರ ಹಾಡುತ್ತಿದ್ದೆ. ಮತ್ತೆ ಅಲ್ಲ. ಬೆರಳು ಅದೇ ತಿರುವಿನಲ್ಲಿ ಮತ್ತೆ ಮತ್ತೆ ನಡುಗುತ್ತಿತ್ತು. ಚಿಕ್ಕಂದಿನಿಂದ ಕಲಿತವರಿಗೆ ಅಷ್ಟೇ ಸಾಕಾಗುತ್ತಿತ್ತೇನೋ. ನನಗೆ ಕಾಣಿಸಿದ್ದು ಕೈ ಮಾತ್ರ. ಶಬ್ದಗಳಂತೂ ಮೊದಲೇ ಗೊತ್ತಿರಲಿಲ್ಲ.

"ಆಪಾ, ನನಗ ತಿಳೀವಲ್ದು," ಎಂದೆ ಒಂದು ದಿನ.

ಅವರು ಕೈ ಇಳಿಸಿದರು. ನನ್ನ ಮೇಲೆ ಸಿಟ್ಟಿರಲಿಲ್ಲ. ಎಡಗೈಯಿಂದ ನನ್ನ ಕೆನ್ನೆ ಸವರಿದರು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಆ ವಾರವೇ ತೀರಿಕೊಂಡರು. ಮಣ್ಣಿಗೆ ಬಂದವರೆಲ್ಲರ ಮುಖ ಶಾಂತವಾಗಿತ್ತು. ಅವರವರ ಕಿವಿಯಲ್ಲಿ ಅವರವರಿಗೆ ಬೇಕಾದ ಸಾಂತ್ವನ ನಡೆಯುತ್ತಿತ್ತು.

ನಾನು ಊಟ ಬಿಟ್ಟಿದ್ದು ನೋಡಿ ತಾರಿಣಿಗೆ ಗಾಬರಿಯಾಯಿತು. "ಅವ್ವಾ, ನೀ ಕಲತದ್ದು ನನ್ನ ಮುಂದ ಹಾಡು. ನನ್ನ ಸಂಗೀತ ನಿಂದ್ರಸ್ತೀನಿ. ನಿನ್ನ ದನಿ ಅಷ್ಟ ಕೇಳ್ತೀನಿ," ಎಂದಳು. ತಂಬೂರಿ ಈಗ ನಮ್ಮ ಮನೆಯಲ್ಲಿತ್ತು. ಹಾಡಿದೆ. ದನಿ ಒಡೆಯಿತು, ಉಸಿರು ಸಾಲಲಿಲ್ಲ, ಸಾ ಮತ್ತೆ ಪಂಖಾದ ಕಡೆ ಜಾರಿತು. "ಒಳಗ ಬಾ" ಎಂಬಲ್ಲಿಗೆ ಬಂದು, ಮುಂದೆ ಹೋಗಲು ಏನೂ ಇಲ್ಲದೆ ಸುಮ್ಮನಾದೆ.

ತಾರಿಣಿ ಕಣ್ಣು ಮುಚ್ಚಿ ತಲೆ ತೂಗುತ್ತಿದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನಾನು ತಂಬೂರಿ ಕೆಳಗಿಟ್ಟೆ. ಅವಳು ಇನ್ನೂ ತೂಗುತ್ತಿದ್ದಳು. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದಳು.

"ಎಷ್ಟ ಚೊಲೊ ಹಾಡ್ತೀ ಅವ್ವಾ! ಕಡೀಕ ಮ್ಯಾಲೆ ಹೋತಲ್ಲ, ಅದಂತೂ..." ಎಂದು ನನ್ನನ್ನು ಅಪ್ಪಿಕೊಂಡಳು.

ಅವಳು ಸಂಗೀತ ನಿಲ್ಲಿಸಿದರೂ ಕಾಳು ತನ್ನ ಕೆಲಸ ಬಿಟ್ಟಿರಲಿಲ್ಲ; ನಾನು ಹಾಡದ ಅಂತರಾವನ್ನು ಕಟ್ಟಿ ಕೇಳಿಸಿತ್ತು. ಅವಳಿಗೆ ಏನೂ ಹೇಳಲಿಲ್ಲ. ಹೇಳಿದರೂ ನನ್ನ ಮಾತು ಯಾವ ರೂಪದಲ್ಲಿ ಅವಳನ್ನು ಮುಟ್ಟುತ್ತಿತ್ತೋ.

ಆ ಮೇಲೆ ನಾನು ಯಾರ ಮುಂದೆಯೂ ಹಾಡಿಲ್ಲ. ನನ್ನ ಸಂಗಡ ಈ ಅರ್ಧವೂ ಹೋಗುತ್ತದೆ. ನಿಮ್ಮಲ್ಲಿ ಒಂದೇ ಬೇಡಿಕೆ. ನಿಮ್ಮ ಕಾಲದಲ್ಲಿ ತಲೆ ನೆರೆತ ಯಾರಾದರೂ ಈಗಷ್ಟೇ ಕಲಿಯುತ್ತ ಹಾಡುವುದು ಗೋಡೆಯಾಚೆಯಿಂದ ಕೇಳಿಸೀತು. ಸಹಿಸಿಕೊಂಡು ಸುಮ್ಮನಿರಬೇಡಿ. ಹೋಗಿ ಬಾಗಿಲು ತಟ್ಟಿ, ಸ್ವರ ತಪ್ಪಿದೆ ಎಂದು ಹೇಳಿ. ಅವರಿಗೆ ಸಿಟ್ಟು ಬರಲಿ, ನಾಚಿಕೆಯಾಗಲಿ. ನೀವು ಕೇಳಿದಿರಿ ಎಂದಾದರೂ ಅವರಿಗೆ ಗೊತ್ತಾಗುತ್ತದೆ.

ಇನ್ನು ಬರೆಯಲು ಕೈ ನಡೆಯುತ್ತಿಲ್ಲ. ಬರುತ್ತೇನೆ.

ಅಂಬಕ್ಕ