ಅಪ್ಪ ಕಲಸಿಟ್ಟ ಮಸಿ

ಮಾರ್ಚ್ ೧೨, ಬುಧವಾರ.

ಬೋರ್ಡು ಬರೆಯುತ್ತಿದ್ದ ಅಪ್ಪ ಹೋದ ಮೇಲೆ ಮುಚ್ಚಿದ್ದ ಅವರ ಕೋಣೆಯನ್ನು ಇಂದು ತೆರೆದೆವು. ಬಟ್ಟಲಲ್ಲಿ ಮಸಿ ಒಣಗಿ ಕಲ್ಲಾಗಿತ್ತು. ಎಸೆಯಲು ಹೊರಟೆ.

“ತಡಿಯಮ್ಮ, ಇದರಲ್ಲಿ ಗೋಂದಿದೆ ಅಲ್ವಾ? ಗೋಂದಿಗೆ ನೀರು ಅಂದ್ರೆ ಪ್ರಾಣ. ಒಣಗಿದ್ರೂ ಮತ್ತೆ ಬೆರೆಯುತ್ತೆ,” ಎಂದಳು ಮಗಳು. ಪರೀಕ್ಷೆಗೆ ರಸಾಯನಶಾಸ್ತ್ರದ ಕಲಾಯ್ಡ್ ಪಾಠ ಓದುತ್ತಿದ್ದಾಳೆ.

ಚಿಕ್ಕವಳಿದ್ದಾಗ ನಾನು ದೀಪದ ಕಪ್ಪನ್ನು ಬರೀ ನೀರಿಗೆ ಸುರಿದಿದ್ದೆ. ಅದು ತೇಲುತ್ತಲೇ ಇತ್ತು. “ಅವೆರಡೂ ಎಣ್ಣೆ ಸೀಗೆಕಾಯಿ ಕಣೇ. ಗೋಂದು ಕೈ ಹಿಡಿದ್ರೇನೇ ಕಪ್ಪು ನೀರಲ್ಲಿ ನಿಲ್ಲೋದು,” ಎಂದು ಅಪ್ಪ ನಕ್ಕಿದ್ದರು.

ಮಗಳು ಬಿಸಿನೀರು ಹನಿಸಿ ಕಲಕಿದಳು. ಮಸಿ ಮೆಲ್ಲಗೆ ಬಿಟ್ಟುಕೊಂಡಿತು. ಅದೇ ಕಪ್ಪು, ಅದೇ ವಾಸನೆ. ಅಪ್ಪನ ಕುಂಚ ಅದ್ದಿ ಒಂದು ‘ಅ’ ಬರೆದೆ. ಅವರ ಹಾಗೆ ದುಂಡಗೆ ಬರಲಿಲ್ಲ, ಅಳು ಬಂತು.

ಬಟ್ಟಲಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಮತ್ತೆ ಒಣಗಲೆಂದು ಹಾಗೇ ಬಿಟ್ಟಿದ್ದೇನೆ. ಒಣಗಿದರೇನಂತೆ…